ಒನಕೆಯ ಪೆಟ್ಟು, ಸಿದ್ದಲಿಂಗವ್ವನ ದನಿ

12-3-2004, ಬೆಳಿಗ್ಗೆ 11

ಮತ್ತೆ ಕರೆಂಟ್ ಹೋಯಿತು. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ್ದೆಲ್ಲ ಮೊದಲಿಂದ...

ಚಚಡಿ ಊರಿನ ವೀರಪ್ಪನವರ ಮಗಳ ಮದುವೆ ವಿಡಿಯೊ. ಅರಿಷಿಣ ಕುಟ್ಟುವಾಗ ಅವರ ತಾಯಿ ಸಿದ್ದಲಿಂಗವ್ವ ಹಾಡಿದ್ದಾರೆ. ಬಾಯಿ ಕಾಣುತ್ತದೆ, ಹಾಡು ಕೇಳುವುದಿಲ್ಲ. ನಮ್ಮ ಸ್ಟುಡಿಯೊ ಮಾಲೀಕರು ಉಳವಪ್ಪ ಸರ್ ಕ್ಯಾಮರಾದ ಮೈಕ್ ವೈರ್ ಕಳಚಿದ್ದನ್ನು ನೋಡಿಕೊಂಡಿರಲಿಲ್ಲ. ಮದುವೆಯಾಗಿ ಇಪ್ಪತ್ತು ದಿನಕ್ಕೆ ಮುದುಕಿ ತೀರಿಕೊಂಡರು.

ವೀರಪ್ಪನವರು ಅಂದು ತಾವೇ ಟೇಪ್‌ರೆಕಾರ್ಡರಿನಲ್ಲಿ ಹಾಡು ತುಂಬಿಕೊಂಡಿದ್ದರಂತೆ. ಆ ಕ್ಯಾಸೆಟ್ ಕೊಟ್ಟರು.

"ಭಾಗ್ಯಾ ತಂಗಿ, ಈ ದನಿ ಅಕಿ ಬಾಯಿಗೆ ಕೂಡಸವಾ."

13-3, ಸಂಜೆ

ಒನಕೆಯ ಮೊದಲ ಪೆಟ್ಟು ಹುಡುಕಿದೆ. ಚಿತ್ರದಲ್ಲಿ ಒನಕೆ ಒರಳಿಗೆ ತಾಗುವ ಫ್ರೇಮು, ಕ್ಯಾಸೆಟ್ಟಿನಲ್ಲಿ "ಧಪ್". ಎರಡೂ ಜೋಡಿಸಿದೆ. ಹಾಡಿನ ಮೊದಲ ನುಡಿ ಸರಿ. ಮೂರನೆಯದಕ್ಕೆ ದನಿ ಮುಂದೆ ಓಡಿತು. ಕೊನೆಗೆ ಹತ್ತು ಸೆಕೆಂಡ್ ಮೊದಲೇ ಹಾಡು ಮುಗಿದು, ಮುದುಕಿ ಸುಮ್ಮನೆ ಬಾಯಿ ಆಡಿಸುತ್ತಾರೆ.

ಉಳವಪ್ಪ ಸರ್: "ಒಂದೀಟು ಹಿಂದ ಸರಸು, ಹೊಂದತೈತಿ."

ಸರಿಸಿದರೆ ಶುರುವೇ ಕೆಡುತ್ತದೆ. ಅದೇ ಹಾಡು, ಅದೇ ಪೆಟ್ಟು. ಹತ್ತು ಸೆಕೆಂಡ್ ಎಲ್ಲಿ ಹೋಯಿತು?

15-3

ವೀರಪ್ಪನವರು ಬಂದರು. ಕೇಳಿ ಮುಖ ಸಣ್ಣ ಮಾಡಿಕೊಂಡರು.

"ಇದು ನಮ್ಮವ್ವನ ದನಿ ಅಲ್ಲವಾ. ಅಕಿದು ದಪ್ಪ ದನಿ. ಇದು ಹುಡುಗಿ ಹಾಡಿದಂಗ ಐತಿ."

"ಟೇಪಿಗೆ ಕರೆಂಟ್ ಇತ್ತೇನ್ರಿ, ಸೆಲ್ ಹಾಕಿದ್ರೇನ್ರಿ?"

"ಸೆಲ್ಲ. ಹಳೇವು."

ಹೊಳೆಯಿತು! ಸೆಲ್ ಸೋತು, ಹಾಡು ತುಂಬುವಾಗಲೇ ಟೇಪು ನಿಧಾನ ತಿರುಗಿದೆ. ಈಗ ಸರಿಯಾದ ವೇಗಕ್ಕೆ ಹಾಕಿದರೆ ಹಾಡು ಓಡುತ್ತದೆ, ದನಿಯೂ ತೆಳುವಾಗುತ್ತದೆ.

19-3

ನಾಲ್ಕು ದಿನ ಇದೇ. ಒಟ್ಟು ಹಾಡಿಗೆ ಒಂದೇ ವೇಗ ಕೊಟ್ಟರೆ ನಡುವೆ ತಪ್ಪುತ್ತದೆ — ಸೆಲ್ ಬರಬರುತ್ತ ಸೋತಿವೆಯಲ್ಲ. ನುಡಿ ನುಡಿ ಕತ್ತರಿಸಿ, ಒಂದೊಂದನ್ನೂ ಬೇರೆ ಬೇರೆ ಎಳೆದೆ. ಪೆಟ್ಟಿಗೆ ಪೆಟ್ಟು ಕೂತಿತು. ದನಿ ತಾನಾಗಿ ದಪ್ಪವಾಯಿತು. ಯಾರೋ ಹಿಂದೆ ಬಂದು ನಿಂತಂತಾಗಿ ತಿರುಗಿ ನೋಡಿದೆ.

22-3, ಮಧ್ಯಾಹ್ನ

ವೀರಪ್ಪನವರು ತಂಗಿ ಚನ್ನವ್ವನನ್ನೂ ಕರೆತಂದರು. ಹಾಕಿದೆ. ಎರಡನೆಯ ನುಡಿಗೇ ವೀರಪ್ಪನವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಇದು ನಮ್ಮವ್ವ." ಅಷ್ಟೇ.

ಹಾಡು ಮುಗಿದ ಮೇಲೂ ಚಿತ್ರ ಇದೆ. ಮುದುಕಿ ಪಕ್ಕಕ್ಕೆ ತಿರುಗಿ ಏನೋ ಅನ್ನುತ್ತಾರೆ. ದನಿ ಇಲ್ಲ. ಅಂದು ಅಷ್ಟೊತ್ತಿಗೆ ವೀರಪ್ಪನವರು ಟೇಪು ನಿಲ್ಲಿಸಿಬಿಟ್ಟಿದ್ದರು.

"ಇಷ್ಟು ಕತ್ತರಸಲೇನ್ರಿ?" ಎಂದೆ.

"ಬ್ಯಾಡ," ಎಂದಳು ಚನ್ನವ್ವ. "ನನಗ ಅಂದದ್ದು ಅದು. 'ನೀನೂ ಒಂದ ನುಡಿ ಹಾಡ' ಅಂದ್ಲು. ನಾಚಿ ಒಳಗ ಓಡಿದೆ."

"ನಿನಗ ಬರತೈತೇನ ಈ ಹಾಡು?" ಅಣ್ಣ ಕೇಳಿದರು.

ಅವಳು ಬೆರಳಿನಿಂದ ಮೇಜಿಗೆ ಬಡಿದಳು. ಒಂದು, ಎರಡು... ಆಮೇಲೆ ಮೆಲ್ಲಗೆ ಹಾಡು ಎತ್ತಿಕೊಂಡಳು. ಮೈಕ್ ಹಚ್ಚಲು ಓಡಿದೆ. ಇದು ಕ್ಯಾಸೆಟ್ಟಿನಲ್ಲಿ ಇಲ್ಲದ ನುಡಿ, ಈಗ ಕಂಪ್ಯೂಟರಿಗೆ ತುಂಬಿಕೊಳ್ಳುತ್ತಿದೆ.