ನಡುವಿನ ಎರಡು ಗಂಟೆ

ದಿನಾಂಕ ೧೪, ಸೋಮವಾರ
ಪ್ರಯೋಗಾಲಯದ ತೊಳೆಯುವ ಕೋಣೆಯಿಂದ

ನನ್ನ ಗುಬ್ಬಿಗೆ,

ನಿನ್ನ ಅಪ್ಪನ ಆಶೀರ್ವಾದಗಳು. ಮೂರು ವರ್ಷಗಳ ಮೌನದ ಮೇಲೆ ಇವು ನಿನಗೆ ಬೇಕೋ ಬೇಡವೋ ಅರಿಯೆ. ಕಣ್ಣು ಬೇಗ ಸೋಲುತ್ತದೆ, ನಿಂತರೆ ಕಾಲು ನೋಯುತ್ತದೆ. ತಿಂಗಳ ಕೊನೆಗೆ ನನಗೆ ನಿವೃತ್ತಿ. ಅದಕ್ಕೆ ಮುನ್ನ ನಿನಗೊಂದು ಸಂಗತಿಯನ್ನು ಅರುಹಬೇಕಾಗಿದೆ.

ನಿನ್ನ ಪ್ರಬಂಧದ ಕೊನೆಯ ಪ್ರಯೋಗ ನೆನಪಿದೆಯಷ್ಟೆ. ತಟ್ಟೆಗಳಲ್ಲಿ ನೀನು ಬೆಳೆಸಿದ್ದ ಹ್ಯಾಮ್‌ಸ್ಟರ್ ಕೋಶಗಳಿಗೆ ವಿಕಿರಣ ಕೊಡುವುದು ಅದೇ ಪ್ರಯೋಗಾಲಯದ ಸಹಾಯಕನಾದ ನನ್ನ ಪಾಲಿನ ಕೆಲಸ. ಹತ್ತು ದಿನಗಳ ಬಳಿಕ, ಬದುಕುಳಿದ ಕೋಶಗಳು ಬೆಳೆದು ಮೂಡಿಸುವ ನೀಲಿ ಚುಕ್ಕಿಗಳು ತಟ್ಟೆಗೆ ಇಪ್ಪತ್ತಿರಬೇಕಿದ್ದ ಕಡೆ, ನೀನು ಅರವತ್ತು ಎಣಿಸಿದೆ. ಮುಖ್ಯಸ್ಥರು ಎಲ್ಲರೆದುರಿಗೆ, "ಏನಮ್ಮಾ, ನಿನ್ನ ಕೋಶಗಳಿಗೆ ಸಾಯೋಕೂ ಪುರುಸೊತ್ತಿಲ್ವಾ?" ಎಂದರು. ನೀನು ಎಣಿಕೆಯನ್ನು ತಿದ್ದಿರುವೆಯೆಂಬ ಮಾತು ಹುಟ್ಟಿತು. ನೀನು ನನ್ನತ್ತ ತಿರುಗಿ, "ಅಪ್ಪಾ, ನೀನಾದ್ರೂ ಹೇಳು" ಎಂದೆ. ನಾನು ಗಾಜು ತೊಳೆಯುತ್ತ ನಿಂತೆ. ಪದವಿಯನ್ನು ಬಿಟ್ಟು ಹೋದ ನೀನು ಈಗ ಔಷಧದ ಅಂಗಡಿಯಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುತ್ತಿರುವೆಯೆಂದು ನಿನ್ನ ಚಿಕ್ಕಮ್ಮ ಹೇಳಿದಳು.

ನಡೆದದ್ದು ಇಷ್ಟು. ಆ ಸಂಜೆ ಅರ್ಧ ವಿಕಿರಣ ಮುಗಿಯುವಷ್ಟರಲ್ಲಿ ನನ್ನ ಪ್ರಾರ್ಥನೆಯ ವೇಳೆಯಾಯಿತು. ಯಂತ್ರವನ್ನು ನಿಲ್ಲಿಸಿದೆ. ಕೋಶಗಳು ತಣ್ಣಗಾಗಬಾರದೆಂದು ತಟ್ಟೆಗಳನ್ನು ಬೆಚ್ಚನೆಯ ಪೆಟ್ಟಿಗೆಯೊಳಗಿರಿಸಿ ಹೋದೆ. ಎರಡು ಗಂಟೆಯ ಮೇಲೆ ಬಂದು ಉಳಿದರ್ಧವನ್ನು ಕೊಟ್ಟು, ಪುಸ್ತಕದಲ್ಲಿ ಒಟ್ಟು ಪ್ರಮಾಣವನ್ನಷ್ಟೇ ಬರೆದೆ. ಆ ಬಿಡುವಿನಲ್ಲಿ ಕೋಶಗಳು ತಮ್ಮೊಳಗೆ ವಿಕಿರಣದಿಂದ ತುಂಡಾಗಿದ್ದ ಡಿಎನ್‌ಎ ಎಳೆಗಳನ್ನು ತಾವೇ ಬೆಸೆದುಕೊಂಡವು. ಸಾಯಬೇಕಾದವು ಬದುಕಿದವು.

ಇದೆಲ್ಲ ನನಗೆ ಮರೆತೇ ಹೋಗಿತ್ತು. ಹೋದ ತಿಂಗಳು ಕಪಾಟು ಖಾಲಿಮಾಡುವಾಗ ವಿಕಿರಣ ಕೊಟ್ಟ ಸಲಕ್ಕೊಂದು ಗೆರೆ ಬೀಳುವ ಯಂತ್ರದ ಹಳೆಯ ಕಾಗದದ ಸುರುಳಿಯಲ್ಲಿ ಆ ಸಂಜೆಗೆ ಒಂದರ ಬದಲು ಎರಡು ಗೆರೆ ಕಂಡು ನೆನಪಾಯಿತು. ಪ್ರಯೋಗವನ್ನು ಮತ್ತೆ ಮಾಡಿದೆ. ಎಡಸಾಲಿಗೆ ಒಂದೇ ಸಲ, ಬಲಸಾಲಿಗೆ ನಡುವೆ ಎರಡು ಗಂಟೆ ಬಿಟ್ಟು ಅರ್ಧರ್ಧ ಕೊಟ್ಟೆ. ಎಡಕ್ಕೆ ಇಪ್ಪತ್ತೊಂದು, ಬಲಕ್ಕೆ ಅರವತ್ತನಾಲ್ಕು. ನಿನ್ನ ಎಣಿಕೆ ಸರಿಯಿತ್ತು, ಮಗಳೇ.

ಸುರುಳಿಯನ್ನೂ ನನ್ನ ಸಹಿಯ ಹೇಳಿಕೆಯನ್ನೂ ಮುಖ್ಯಸ್ಥರಿಗೆ ಒಪ್ಪಿಸಿದ್ದೇನೆ. ಎರಡು ಸಲ ಓದಿ, "ಆವತ್ತೇ ಬಾಯಿ ಬಿಟ್ಟಿದ್ರೆ ಏನ್ರೀ ಹೋಗ್ತಿತ್ತು?" ಎಂದರು. ನಿನ್ನ ಪ್ರಬಂಧವನ್ನು ಮತ್ತೆ ತೆರೆಯಲು ಒಪ್ಪಿದ್ದಾರೆ. ಬರುವುದೂ ಬಿಡುವುದೂ ನಿನ್ನ ಇಚ್ಛೆ.

ದೇವರು ನಿನ್ನನ್ನು ಕಾಯಲಿ.

ನಿನ್ನ ಅಪ್ಪ

ಮತ್ತೆ ಬರೆಯುವುದು: ಮರೆತಿದ್ದೆನೆಂದು ಮೇಲೆ ಬರೆದದ್ದು ಸುಳ್ಳು. ಹೊಡೆದುಹಾಕಿದರೆ ಪತ್ರ ಶುದ್ಧವಾಗಿ ಕಾಣುತ್ತದೆ, ಅದಕ್ಕೇ ಹಾಗೆಯೇ ಬಿಟ್ಟಿದ್ದೇನೆ. ನೀನು ನನ್ನತ್ತ ತಿರುಗುವ ಮುನ್ನವೇ ನನಗೆ ಗೊತ್ತಿತ್ತು. ಪ್ರಾರ್ಥನೆಗಾಗಿ ಯಂತ್ರ ನಿಲ್ಲಿಸಿದೆನೆಂದರೆ ಎಲ್ಲರೂ ನಗುವರೆಂದು ಅಂಜಿದೆ. ಅಂದಿನಿಂದ ಪ್ರಾರ್ಥನೆಗೆ ಕುಳಿತಾಗಲೆಲ್ಲ ಕೇಳಿಸುವುದು ನಿನ್ನ ದನಿಯೊಂದೇ: "ನೀನಾದ್ರೂ ಹೇಳು."