ಎರಡು ಉಗುರುಗಳ ನಡುವಿನ ಕಿಟಕಿ

ಕ್ಲಿನಿಕ್ಕಿನ ಮುಂದಿನ ಕೋಣೆ,
ಭಾನುವಾರ ಬೆಳಿಗ್ಗೆ, ಹದಿನಾರನೇ ತಾರೀಖು

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ನಿದ್ದೆ ಸರಿಯಾಗಿ ಬರುತ್ತಿದೆಯೇ? ಮಂಡಿ ನೋವು ಕಡಿಮೆಯಾಯಿತೇ? ಹೊಸ ಕನ್ನಡಕ ಮೂಗಿನ ಮೇಲೆ ಒತ್ತುತ್ತದೆ ಎಂದಿದ್ದೆಯಲ್ಲ, ಅದನ್ನು ಸರಿಮಾಡಿಸಿಕೊಂಡೆಯಾ, ಇಲ್ಲ ಅದಕ್ಕೂ ನಿನ್ನ ಚಿಕ್ಕ ಮಗನಿಗೆ ಪುರುಸೊತ್ತಾಗಬೇಕೋ? ನೋಡು, ಕ್ಷೇಮಸಮಾಚಾರ ಮುಗಿಯುವ ಮೊದಲೇ ಶುರುಮಾಡಿಬಿಟ್ಟೆ. ನಿನ್ನ ದೊಡ್ಡ ಸೊಸೆ ತರಕಾರಿಗೆ ಹೊರಡುವಾಗ ಎಚ್ಚರಿಕೆ ಕೊಟ್ಟೇ ಹೋಗಿದ್ದಾಳೆ: "ಅತ್ತೆಗೆ ಬರೆಯೋ ಕಾಗದದಲ್ಲಿ ಮೈದುನನ ಸುದ್ದಿ ಎತ್ತಬೇಡಿ." ಎತ್ತುವುದಿಲ್ಲ ಎಂದು ಮಾತು ಕೊಟ್ಟೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ, ಬಚ್ಚಲಿನ ನಲ್ಲಿ ಮಾತ್ರ ಇನ್ನೂ ಸೋರುತ್ತಿದೆ. ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧವನ್ನು ಪಕ್ಕದಲ್ಲಿ ನಿಂತ ಅವನು ಬಿಡಿಸಿ ಹೇಳುತ್ತಾನೆ. ನನ್ನ ತಾಯಿಗೆ ನನ್ನ ಮಾತು ಮುಟ್ಟಿಸಲು ತಮ್ಮನ ಬಾಯಿ ಬೇಕಾಗಿಲ್ಲ. ಮೇಲಿನ ಮನೆಯ ಬಸ್ ಡ್ರೈವರ್ ಇವತ್ತು ಮಧ್ಯಾಹ್ನ ನಿಮ್ಮ ಕಡೆಗೇ ಬಸ್ ಒಯ್ಯುತ್ತಾನೆ. ಈ ಕಾಗದವನ್ನೂ ನೀನು ಕೇಳಿದ ಗುಳಿಗೆಯನ್ನೂ ನಿನ್ನ ಕೈಗೇ ಕೊಟ್ಟು ಬರುತ್ತೇನೆ ಎಂದಿದ್ದಾನೆ.

ನಿನ್ನ ಕಾಗದ, ಅದರ ಜತೆಗಿದ್ದ ಫೋಟೋ, ಎರಡೂ ನಿನ್ನೆ ತಲುಪಿದವು. ಫೋಟೋ ತೆಗೆದವನು ಅವನೇ ತಾನೆ? ನೋಡಿದರೇ ಗೊತ್ತಾಗುತ್ತದೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರದ ಮುಂದೆ ರೋಗಿಗಳನ್ನು ನಿಲ್ಲಿಸುವ ಹಾಗೆ ಎಲ್ಲರನ್ನೂ ನೆಟ್ಟಗೆ ನಿಲ್ಲಿಸಿದ್ದಾನೆ. ಒಂದು ಮಗು ನಿನ್ನ ಎಡತೋಳಿನಲ್ಲಿ, ಇನ್ನೊಂದು ಅದರ ತಾಯಿಯ ಹೆಗಲ ಮೇಲೆ, ನಿನ್ನ ಬಲಗೈಯಲ್ಲಿ ಹಾಲಿನ ಬಾಟಲಿ. ಅವಳಿಗಳು ಮುದ್ದಾಗಿವೆ, ಅದರಲ್ಲಿ ಎರಡು ಮಾತಿಲ್ಲ. ದೊಡ್ಡಪ್ಪನ ಮೂಗು ಯಾವುದಕ್ಕಾದರೂ ಬಂದಿದೆಯೇ ಎಂದು ಹುಡುಕಿದೆ, ಬಂದಿಲ್ಲ. ನೀನು ಹಾಕಿಕೊಂಡಿರುವ ನೀಲಿ ಸ್ವೆಟರ್ ನಾನು ಕೊಡಿಸಿದ್ದಲ್ಲ. ನಾನು ಕೊಡಿಸಿದ ಬೂದು ಬಣ್ಣದ್ದು ಏನಾಯಿತು? ಅದೂ ಹೋಗಲಿ. ನಿನ್ನ ಉಗುರುಗಳಿಗೆ ಕೆಂಪು ಬಣ್ಣ. "ಚಿಕ್ಕ ಸೊಸೆ ಹಚ್ಚಿದ್ಲು, ನಗಬೇಡ" ಎಂದು ಬರೆದಿದ್ದೀಯ. ನಗಲಿಲ್ಲ ಅಮ್ಮಾ, ಹೊಟ್ಟೆ ಉರಿಯಿತು. ಈ ಮನೆಯಲ್ಲಿ ನನ್ನವಳು ಒಮ್ಮೆ ಅಂಥದೇ ಬಣ್ಣದ ಶೀಸೆ ಹಿಡಿದುಕೊಂಡು ಬಂದಾಗ ನೀನು ಕೈ ಹಿಂದಕ್ಕೆ ಎಳೆದುಕೊಂಡು ಏನಂದೆ, ನೆನಪಿದೆಯಾ? "ಬೇಡ ಕಣೇ, ಅವನಿಗೆ ಉಗುರು ಕಾಣ್ಬೇಕು." ಆ ಮಾತು ಕೇಳಿ ನಾನು ಇಡೀ ದಿನ ಉಬ್ಬಿಹೋಗಿದ್ದೆ. ಈಗ ಅಲ್ಲಿ ಯಾರಿಗೂ ನಿನ್ನ ಉಗುರು ಕಾಣಬೇಕಾಗಿಲ್ಲ, ಬಣ್ಣ ಕಂಡರೆ ಸಾಕು.

ಭಾನುವಾರ ಬೆಳಿಗ್ಗೆ ಈ ಕೋಣೆಗೆ ಬಿಸಿಲು ಬರುವ ಹೊತ್ತು ನಿನ್ನದಾಗಿತ್ತು. ಅವತ್ತು ರೋಗಿಗಳಿಲ್ಲ, ಬೀದಿಯ ಬಾಗಿಲಿಗೆ ಚಿಲಕ. ನೀನು ಉಗುರುಬೆಚ್ಚಗಿನ ನೀರಿನಲ್ಲಿ ಕೈ ಅದ್ದಿ ಒರೆಸಿಕೊಂಡು ರೋಗಿಯ ಕುರ್ಚಿಯಲ್ಲಿ ದೊಡ್ಡ ಮನುಷ್ಯಳ ಹಾಗೆ ಕೂತು, ಕೈಗಳನ್ನು ಮೇಜಿನ ಮೇಲೆ ಚಾಚುತ್ತಿದ್ದೆ. ನಾನು ಒಂದೊಂದೇ ಬೆರಳು ಹಿಡಿದು ನೋಡುತ್ತಿದ್ದೆ. ಹೋದ ವರ್ಷ ಜೋರು ಜ್ವರ ಬಂದು ಮಲಗಿದ್ದೆಯಲ್ಲ, ಅದು ಬಿಟ್ಟ ಮೇಲೆ ನಿನ್ನ ಎಲ್ಲ ಉಗುರುಗಳ ಬುಡದಲ್ಲೂ ಅಡ್ಡಲಾಗಿ ಒಂದು ಗೀರು ಮೂಡಿತ್ತು. ಮೈ ಜ್ವರದ ಜತೆ ಹೆಣಗುವಾಗ ಉಗುರು ಬೆಳೆಯುವುದನ್ನು ನಿಲ್ಲಿಸಿ ಮತ್ತೆ ಶುರುಮಾಡಿದ ಗುರುತು ಅದು. ಆ ಗೀರು ವಾರವಾರವೂ ಸ್ವಲ್ಪ ಸ್ವಲ್ಪ ಮೇಲೇರಿ ತುದಿಗೆ ಬರುವವರೆಗೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ, ಕೊನೆಗೆ ನಾನೇ ಕತ್ತರಿಸಿ ತೆಗೆದೆ. "ಹೋಯ್ತು ಜ್ವರ" ಅಂದೆ ನೀನು. ಎಲ್ಲ ಮುಗಿದ ಮೇಲೆ ನಮ್ಮ ಆಟ. "ಕಿಟಕಿ ತೆಗಿ ಅಮ್ಮಾ" ಅನ್ನುತ್ತಿದ್ದೆ. ನೀನು ಎರಡೂ ತೋರುಬೆರಳುಗಳನ್ನು ಉಗುರಿಗೆ ಉಗುರು ತಾಗುವ ಹಾಗೆ ಜೋಡಿಸಿ ಬೆಳಕಿಗೆ ಹಿಡಿದರೆ, ಉಗುರುಗಳ ಬುಡದಲ್ಲಿ, ಎರಡರ ನಡುವೆ, ಎಳ್ಳಿನಷ್ಟು ಬಿಸಿಲು ಇಣುಕುತ್ತಿತ್ತು. ಎದೆಯ ಒಳಗೆ ಏನಾದರೂ ಕೆಟ್ಟಾಗ ಕೆಲವರಿಗೆ ಬೆರಳ ತುದಿ ಉಬ್ಬಿ ಆ ಸಂದು ಮುಚ್ಚಿಹೋಗುತ್ತದೆ ಎಂದು ನಿನಗೆ ಹೇಳಿಕೊಟ್ಟವನು ನಾನೇ. "ತೆಗೆದಿದೆ ಮಾರಾಯ, ಇನ್ನಾದ್ರೂ ಕಾಫಿ ಕುಡಿಯೋಣ್ವಾ?" ಎಂದು ಏಳುತ್ತಿದ್ದೆ. ಈಗ ಭಾನುವಾರ ಆ ಕುರ್ಚಿಯಲ್ಲಿ ಬಿಸಿಲೇ ಬಂದು ಕೂತು ಎದ್ದುಹೋಗುತ್ತದೆ. ನಾನು ಎದುರಿಗೆ ಕೂತು ಪೇಪರ್ ಓದುತ್ತೇನೆ.

ಕ್ಲಿನಿಕ್ಕಿನ ಸುದ್ದಿ ಕೇಳಿದ್ದೀಯ. ಕೇಳಬೇಕಲ್ಲ ಎಂದು ಕೇಳಿದ್ದೋ ಏನೋ, ಆದರೂ ಹೇಳುತ್ತೇನೆ. ದರ್ಜಿ ಅಂಗಡಿಯಾಕೆ ಬಂದಿದ್ದಳು. ಅವಳ ಹೆಬ್ಬೆರಳಿನ ಉಗುರು ಚಮಚದ ಹಾಗೆ ಒಳಕ್ಕೆ ತಗ್ಗಿದೆ, ಮೇಲೆ ಒಂದು ಹನಿ ನೀರು ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ರಕ್ತದಲ್ಲಿ ಕಬ್ಬಿಣ ಕಡಿಮೆ ಇರಬೇಕು ಎಂದು ಫೆರಮ್ ಫಾಸ್ ಕೊಟ್ಟೆ, ಬರೀ ನನ್ನ ಹೋಮಿಯೋಪತಿ ಗುಳಿಗೆ ನಂಬಿ ಕೂರಬೇಡ, ಮೊದಲು ರಕ್ತ ಪರೀಕ್ಷೆ ಮಾಡಿಸು ಎಂದು ಗದರಿಸಿ ಕಳಿಸಿದೆ. ಬೇಕರಿಯವನ ಉಗುರು ಪದರ ಪದರವಾಗಿ ಏಳುತ್ತಿದೆ, ಅವನ ಬಿಸ್ಕತ್ತಿನ ಹಾಗೇ. ಅವನಿಗೆ ಥೂಜಾ. ಲಾಂಡ್ರಿಯ ಅಜ್ಜಿಗೆ ದಪ್ಪಗಟ್ಟಿದ ಉಗುರಿಗೆ ಗ್ರಾಫೈಟಿಸ್. ಸಂಗೀತದ ಮೇಷ್ಟ್ರ ಮಗಳಿಗೆ ಉಗುರಿನ ಮೇಲೆ ಬಿಳಿ ಚುಕ್ಕೆ, ಅವಳಿಗೆ ಸಿಲಿಕಾ. ಅಂಥ ಚುಕ್ಕೆ ಎಲ್ಲೋ ಪೆಟ್ಟು ಮಾಡಿಕೊಂಡದ್ದರಿಂದ ಬಂದಿರುತ್ತದೆ, ಉಗುರು ಬೆಳೆದ ಹಾಗೆ ತಾನೇ ಹೋಗುತ್ತದೆ, ಸಿಲಿಕಾಗೆ ಸುಮ್ಮನೆ ಹೆಸರು ಬರುತ್ತದೆ ಎಂದು ನನ್ನವಳು ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ, ಹೆಸರು ಬರುವ ಒಂದು ಜಾಗವಾದರೂ ಇರಲಿ. ಮೊನ್ನೆ ನಾನು ನಿಮ್ಮೆಲ್ಲರ ಮೇಲೆ ಮುಖ ಊದಿಸಿಕೊಂಡು ಊಟಕ್ಕೆ ಕೂತಾಗ ಅವಳು ಕೇಳಿದಳು, "ಹೊಟ್ಟೆಕಿಚ್ಚಿಗೆ ನಿಮ್ಮ ಪುಸ್ತಕದಲ್ಲಿ ಔಷಧ ಇಲ್ವಾ?" ಇದೆ, ಲ್ಯಾಕೆಸಿಸ್, ಹಾವಿನ ವಿಷದಿಂದ ಮಾಡುತ್ತಾರೆ ಎಂದೆ. "ಹಾಗಾದ್ರೆ ಕೊಂಡ್ಕೊಳ್ಳೋದು ಬೇಡ, ನಿಮ್ಮ ಹತ್ರಾನೇ ಬೇಕಾದಷ್ಟಿದೆ" ಅಂದಳು. ನೀನು ಇಲ್ಲಿದ್ದಿದ್ದರೆ ಅವಳ ಜತೆ ಸೇರಿ ನಗುತ್ತಿದ್ದೆ. ಆ ನಗುವನ್ನೂ ಅವನೇ ಕೇಳುತ್ತಿದ್ದಾನೆ ಎಂದು ಅನ್ನ ಇಳಿಯಲಿಲ್ಲ.

ಮಾತು ಕೊಟ್ಟಿದ್ದೆ, ಆದರೆ ಎತ್ತದೆ ಹೇಗಿರಲಿ? ನಿನ್ನ ಕಾಗದದ ಒಂದು ಪುಟ ಪೂರ್ತಿ ಅವನ ಎಕ್ಸ್‌ರೇ ಯಂತ್ರ. ಅವನು ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತನ್ನ ಕೋಣೆ ತೋರಿಸಿದ್ದು, ಭಾರದ ಬಾಗಿಲು, ಗಾಜಿನ ಗೋಡೆ, "ಮನುಷ್ಯನ ಪಕ್ಕೆಲುಬು ಏಣಿ ಇದ್ದ ಹಾಗೆ ಕಾಣುತ್ತೆ ಕಣೋ" ಅನ್ನುವುದು. ನನ್ನ ಕ್ಲಿನಿಕ್ಕಿನ ಬಗ್ಗೆ ನೀನು ಯಾರಿಗಾದರೂ ಒಂದು ಸಾಲು ಬರೆದಿದ್ದೀಯಾ? ಕೇಳಿದವರಿಗೆಲ್ಲ "ದೊಡ್ಡೋನು ಮುಂದಿನ ಕೋಣೇಲಿರ್ತಾನೆ" ಅನ್ನುತ್ತಿದ್ದೆ, ಅಷ್ಟೇ. ಚಿಕ್ಕಂದಿನಿಂದಲೂ ಹೀಗೇ. ಅವನು ಹುಟ್ಟಿದ ಮೇಲೆ ನಿನ್ನ ಬಾಯಲ್ಲಿ ಅವನು ಬರೀ ಚಿಕ್ಕೋನಾಗಿರಲಿಲ್ಲ, ಯಾವಾಗಲೂ "ಪಾಪ ಚಿಕ್ಕೋನು". ಬಿದ್ದವನೂ ಅವನೇ, ನನ್ನನ್ನು ಬೀಳಿಸಿದವನೂ ಅವನೇ, ಆದರೂ ಪಾಪ. ಈಗ ತಲೆಯ ಮೇಲೆ ಕೂದಲಿಲ್ಲ, ಕಂಕುಳಲ್ಲಿ ಎರಡೆರಡು ಮಕ್ಕಳು, ಇನ್ನೂ ಪಾಪವೇ. ಬಾಣಂತನಕ್ಕೆ ಒಂದು ತಿಂಗಳು ಎಂದು ನಿನ್ನನ್ನು ಕರೆದುಕೊಂಡು ಹೋದ, ಮಕ್ಕಳು ಮಗುಚಿ ಹರಿದಾಡುವ ಹೊತ್ತಾಯಿತು, ಕಳಿಸುವ ಮಾತೇ ಇಲ್ಲ. ಲಿಫ್ಟಿಲ್ಲದ ಕಟ್ಟಡದಲ್ಲಿ ಮೂರನೇ ಮಹಡಿಯ ಮನೆ ಹಿಡಿದಿದ್ದಾನಲ್ಲ, ತಾಯಿ ಹತ್ತಿ ಇಳಿಯಬೇಕು ಅನ್ನುವ ಯೋಚನೆ ಬೇಡವೇ? ಏದುಸಿರು ಬಂದು ಎರಡನೇ ಮಹಡಿಯವರ ಚಪ್ಪಲಿ ಗೂಡಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತೇನೆ ಎಂದು ತಮಾಷೆಗೆ ಬರೆದಿದ್ದೀಯ. ಓದಿದ ಕೂಡಲೇ ಅವನನ್ನು ಮನಸಾರೆ ಬೈದೆ. ಇಲ್ಲಿಂದ ಬಸ್ ನಿಲ್ದಾಣದ ಆಚೆಯ ಏರು ಹತ್ತುವಾಗಲೂ ನೀನು ಮಾತು ನಿಲ್ಲಿಸಿದವಳಲ್ಲ.

ಇನ್ನು ಕೆಮ್ಮಿನ ವಿಷಯ. ಕಾಗದದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದದ್ದನ್ನು ನಾನು ಮೊದಲು ಓದಿ ಎಷ್ಟು ಹಿಗ್ಗಿದೆ ಗೊತ್ತಾ? "ಬಹಳ ದಿನದಿಂದ ಕೆಮ್ಮು ಬಿಟ್ಟಿಲ್ಲ, ನಿನ್ನ ಸಿಹಿ ಗುಳಿಗೆ ಕಳಿಸು. ಚಿಕ್ಕೋನಿಗೆ ಹೇಳಿಲ್ಲ. ನೀನಿರುವಾಗ ಅವನಿಗೆ ಹೇಳಿದ್ರೆ ನಿಂಗೆ ಬೇಜಾರಾಗುತ್ತೆ. ನಲ್ಲಿ ಬಿಟ್ಕೊಂಡು ಕೆಮ್ತೀನಿ." ಇದನ್ನು ನನ್ನವಳಿಗೆ ಜೋರಾಗಿ ಓದಿ ಹೇಳಿದೆ. ನೋಡು, ಗಾಜಿನ ಗೋಡೆಯ ಯಂತ್ರ ಕೈಗೆಟಕುವ ಹಾಗಿದ್ದರೂ ಅಮ್ಮನಿಗೆ ಬೇಕಾದ್ದು ನನ್ನ ಗುಳಿಗೆ ಎಂದೆ. ಅವಳು ಕಾಗದ ತೆಗೆದುಕೊಂಡು ಆ ಸಾಲನ್ನು ತಾನೇ ಇನ್ನೊಮ್ಮೆ ಓದಿದಳು. ನಾನು ಅಷ್ಟರಲ್ಲೇ ಶೀಸೆಗೆ ಗುಳಿಗೆ ತುಂಬಿ, ಮುಚ್ಚಳ ಬಿಗಿದು, ನಿನ್ನ ಹೆಸರು ಬರೆದಾಗಿತ್ತು. ಅವನಿಗೆ ಗೊತ್ತಾಗದ ನಿನ್ನ ಕೆಮ್ಮು ನನಗೊಬ್ಬನಿಗೇ ಗೊತ್ತು ಅನ್ನುವುದು ಹಬ್ಬದೂಟ ಉಂಡಷ್ಟು ಖುಷಿ ಕೊಟ್ಟಿತು. ಆಮೇಲೆ ಫೋಟೋವನ್ನು ಮತ್ತೆ ಕೈಗೆ ತೆಗೆದುಕೊಂಡೆ. ಆ ಕೆಂಪು ಬಣ್ಣವನ್ನು ಎಷ್ಟು ಚೆನ್ನಾಗಿ ಹಚ್ಚಿದ್ದಾಳೆ, ಎಲ್ಲಾದರೂ ಚರ್ಮಕ್ಕೆ ತಗುಲಿಸಿದ್ದಾಳೆಯೇ ಎಂದು ಕುಂದು ಹುಡುಕಲು, ರೋಗಿಗಳ ಉಗುರು ನೋಡುವ ಭೂತಗನ್ನಡಿಯನ್ನೇ ಹಿಡಿದು ನೋಡಿದೆ. ತಗುಲಿಸಿಲ್ಲ, ಅಚ್ಚುಕಟ್ಟಾಗಿ ಹಚ್ಚಿದ್ದಾಳೆ. ಬಹಳ ಹೊತ್ತು ನೋಡಿದೆ. ಊಟಕ್ಕೆ ಕರೆದದ್ದು ಕೇಳಿಸಲಿಲ್ಲ ಎಂದು ಬೈಸಿಕೊಂಡೆ.

ಇನ್ನೇನು ಬರೆಯಲಿ? ನಿನ್ನ ಕೋಣೆಯ ಹಾಸಿಗೆಯನ್ನು ಬಿಸಿಲಿಗೆ ಹಾಕಿಸಿದ್ದೇನೆ, ಯಾವತ್ತು ಬಂದರೂ ಸಿದ್ಧವಾಗಿದೆ. ಅವಳಿಗಳಿಗೆ ದೊಡ್ಡಪ್ಪನ ಮುದ್ದು, ಅವರ ತಾಯಿಗೆ ಆಶೀರ್ವಾದ, ಅವಳ ಗಂಡನಿಗೂ ಮಿಕ್ಕಿದ್ದರೆ ಅದರಲ್ಲೇ ಒಂದಿಷ್ಟು. ನಿನ್ನ ದೊಡ್ಡ ಸೊಸೆ ನಿನ್ನ ಪಾದ ಮುಟ್ಟಿ ನಮಸ್ಕರಿಸಿದ್ದಾಳೆ ಎಂದು ಬರೆಯಲು ಹೇಳಿದ್ದಾಳೆ. ನಾನು ನಿನ್ನ ಕೈಗಳನ್ನು ಹಿಡಿದುಕೊಂಡಿದ್ದೇನೆ ಎಂದುಕೋ.

ನಿನ್ನ ಮುಂದಿನ ಕೋಣೆಯ
ದೊಡ್ಡೋನು

ತಾ.ಕ.: ಡ್ರೈವರ್ ಇಳಿದು ಬಂದು ಬಾಗಿಲಲ್ಲಿ ನಿಂತಿದ್ದಾನೆ, ಒಂದೇ ನಿಮಿಷ ಎಂದಿದ್ದೇನೆ. ಅಮ್ಮಾ, ಕಾಗದದ ಜತೆ ಶೀಸೆ ಹುಡುಕಬೇಡ. ಗುಳಿಗೆ ಕಳಿಸುತ್ತಿಲ್ಲ. ಫೋಟೋದಲ್ಲಿ ನಿನ್ನ ಬೆರಳು ಬಿಳಿ ಬಾಟಲಿಯ ಎದುರಿಗೆ ಪಕ್ಕದಿಂದ ಸ್ಪಷ್ಟವಾಗಿ ಕಾಣುತ್ತಿದೆ. ಕೆಂಪು ಹಚ್ಚಿದ್ದರಿಂದ ಉಗುರಿನ ಬಣ್ಣ ಮುಚ್ಚಿದೆ, ಆಕಾರ ಮುಚ್ಚಿಲ್ಲ. ತುದಿ ಉಬ್ಬಿದೆ, ಉಗುರು ಬುಡದಿಂದಲೇ ಬಾಗಿದೆ, ಅಲ್ಲಿ ಇರಬೇಕಾದ ತಗ್ಗು ಇಲ್ಲ. ಹಳೆಯ ಫೋಟೋಗಳಲ್ಲಿ ಇದೆ, ಎಲ್ಲವನ್ನೂ ತೆಗೆದು ನೋಡಿದೆ. ಇಷ್ಟು ಹೊತ್ತು ಬರೆದದ್ದೆಲ್ಲ ಇದನ್ನು ಬರೆಯದೆ ಇರುವುದಕ್ಕೇ. ಈಗಲೇ ಬಣ್ಣ ಒರೆಸಿ ಕಿಟಕಿ ತೆಗೆದು ನೋಡು. ಬೆಳಕು ಕಂಡರೂ ಸರಿ, ಕಾಣದಿದ್ದರೂ ಸರಿ, ಕೆಮ್ಮಿನ ವಿಷಯ ಚಿಕ್ಕವನಿಗೆ ಇವತ್ತೇ ಹೇಳು. ನನಗೆ ಬೇಜಾರಾಗುತ್ತದೆ ಎಂದು ನಲ್ಲಿ ಬಿಟ್ಟುಕೊಂಡು ಕೆಮ್ಮಬೇಡ, ನನ್ನ ಬೇಜಾರಿಗೆ ಏನೂ ಆಗುವುದಿಲ್ಲ. ಬೆಳಗಾದರೆ ಎದೆಯ ಡಾಕ್ಟರಿಗೆ ತೋರಿಸಲಿ, ಎಕ್ಸ್‌ರೇ ಚಿತ್ರ ಬೇರೆಯವರ ಕೈಗೆ ಬಿಡದೆ ತಾನೇ ತೆಗೆಯಲಿ. ಇದಕ್ಕೆ ನನ್ನ ಪೆಟ್ಟಿಗೆಯಲ್ಲಿ ಏನೂ ಇಲ್ಲ. ಸಂಜೆ ನಾನೇ ಅವನಿಗೆ ಫೋನ್ ಮಾಡುತ್ತೇನೆ, ಅವನೇ ಎತ್ತಲಿ. ಮೊದಲು ಕಂಡದ್ದು ಅಣ್ಣನಿಗೆ ಎಂದು ಮಾತ್ರ ಅವನಿಗೆ ಹೇಳು. ಬೇಡ, ಅದನ್ನೂ ಹೇಳಬೇಡ. ಬೂದು ಸ್ವೆಟರ್ ಹಾಕಿಕೊಂಡು ಅವನ ಜತೆ ಹೋಗು ಅಮ್ಮಾ.