ಕಾಯಿರಾಶಿಯ ಹಿಂದೆ ನೀವು

ಹಾಸನ, ನವೆಂಬರ್ ೨೦೦೮

ಅಪ್ಪಾಜಿ,

ಇವತ್ತು ಕಾಲೇಜಿನ ಕ್ಯಾಮೆರಾ ಹಿಡಿದು ನುಗ್ಗೇಹಳ್ಳಿ ದೇವಸ್ಥಾನಕ್ಕೆ ಹೋಗಿದ್ದೆ. ಟ್ರೈಪಾಡ್ ಅಲುಗಿಸದೆ, ಒಂದು ಕಲ್ಲಿನ ಬೊಂಬೆಯ ಬೆರಳಿನಿಂದ ಹಿಂದಿನ ಗೋಡೆಯವರೆಗೆ ಫೋಕಸ್ ಚೂರುಚೂರೇ ಸರಿಸುತ್ತ ಏಳು ಫೋಟೋ ತೆಗೆದೆ. ಕಾವಲಿನ ತಿಮ್ಮಪ್ಪ ನಕ್ಕರು. "ಅದೇನ್ ಓಡೋಯ್ತದಾ ಸಾ, ಒಂದೇ ಬೊಂಬೆಗೆ ಏಳು ಪಟ?"

ಲ್ಯಾಬಿನಲ್ಲಿ ಸೀನಿಯರ್ ಪ್ರದ್ಯುಮ್ನ ಏಳರಲ್ಲೂ ಸ್ಪಷ್ಟವಾಗಿದ್ದ ಭಾಗಗಳನ್ನಷ್ಟೇ ಆರಿಸಿ ಕಂಪ್ಯೂಟರಿನಲ್ಲಿ ಸೇರಿಸಿ ಒಂದು ಮಾಡಿದ. ಬೆರಳೂ ಶಾರ್ಪ್, ಗೋಡೆಯೂ ಶಾರ್ಪ್. ಆಗ ಹೆದರುತ್ತಲೇ ನಿಮ್ಮ ಫೋಟೋ ಕೊಟ್ಟೆ. ಹಾಸ್ಟೆಲ್ ಸ್ಪರ್ಧೆಗೆಂದು ಚನ್ನರಾಯಪಟ್ಟಣದ ಮಂಡಿಯಲ್ಲಿ ತೆಗೆದದ್ದು. ಮುಂದೆ ತೆಂಗಿನಕಾಯಿ ರಾಶಿ, ಹಿಂದೆ ನೀವು. ನಿಮ್ಮ ತಿಥಿಯ ದಿನ ಗೋಡೆಗೆ ಹಾಕಲು ಅಮ್ಮ ಅದನ್ನೇ ಕೇಳುತ್ತಿದ್ದಾಳೆ, ಬೇರೆ ಯಾವುದರಲ್ಲೂ ನೀವು ನಕ್ಕಿಲ್ಲವಂತೆ. ಕಾಯಿಯ ಒಂದೊಂದು ನಾರೂ ಕಾಣುತ್ತದೆ. ನಿಮ್ಮ ಮುಖ ಮಾತ್ರ ಮಸುಕಾಗಿದೆ.

"ನಿಮ್ಮಪ್ಪನ ಮೇಲೆ ಫೋಕಸ್ ಮಾಡಿದ್ದು ಇನ್ನೊಂದಿಲ್ವೇನೋ?" ಪ್ರದ್ಯುಮ್ನ ಕೇಳಿದ.

"ಇಲ್ಲ. ಇದೊಂದೇ."

"ತೆಗೀದೇ ಇರೋದನ್ನ ಎಲ್ಲಿಂದ ತಂದು ಸೇರಿಸ್ಲೋ ಮಾರಾಯ?"

ಸುಸ್ತಾಗಿದೆ. ಅಮ್ಮನಿಗಿನ್ನೂ ಫೋನ್ ಮಾಡಿಲ್ಲ.

ಅವತ್ತು ನೀವು ಕೇಳಿದ್ದಿರಿ, "ಲೇ, ಕಾಯಿ ತೆಗೀತಿದ್ದೀಯೋ, ನನ್ನ ತೆಗೀತಿದ್ದೀಯೋ?" ಬಸ್ಸಿಗೆ ಹೊತ್ತಾಯಿತೆಂದು ನಾನು ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡೆ. ನೀವು ಇನ್ನೂ ಸ್ವಲ್ಪ ಹೊತ್ತು ಅಲುಗಾಡದೆ ನಿಂತೇ ಇದ್ದಿರಿ.